ಗಾಲಿಗೆ ಮೆತ್ತಿದ ಕರಿಹುಡಿ

ಮೋಟಾರು ಕಾರಿನ ಚರಿತ್ರೆಯೆಂದರೆ ಎಂಜಿನಿನ ಚರಿತ್ರೆಯೆಂದೇ ನಾವೆಲ್ಲ ತಿಳಿದುಕೊಂಡು ಬಂದಿದ್ದೇವೆ. ಎಷ್ಟು ಕುದುರೆಬಲ, ಲೀಟರಿಗೆ ಎಷ್ಟು ದೂರ, ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು – ನಾಲ್ಕು ಜನ ಸೇರಿದಲ್ಲಿ ಮಾತೆಲ್ಲ ಇಷ್ಟರಲ್ಲೇ ಮುಗಿಯುತ್ತದೆ. ಓಡುವ ಗಾಡಿಯನ್ನು ನಿಲ್ಲಿಸುವ ವಿದ್ಯೆಗೂ ಒಂದು ಚರಿತ್ರೆಯಿದೆ. ಅದರಲ್ಲಿ ಚಮ್ಮಾರನಿದ್ದಾನೆ, ಹಳೆಯ ಬೂಟು ಇದೆ, ಹತ್ತಿಯ ನೇಯ್ಗೆಯಿದೆ, ಕಲ್ಲಿನಿಂದ ತೆಗೆದ ನಾರು ಇದೆ, ಆ ನಾರನ್ನು ಉಸಿರಾಡಿ ಸತ್ತವರಿದ್ದಾರೆ, ಕೊನೆಗೆ ಸಾಲ್ಮನ್ ಎಂಬ ಮೀನೂ ಇದೆ.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮವರ ಮನೆಗೆ ಒಂದು ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ಫಿಯೆಟ್ ಬಂದರೆ ಇಡೀ ಚಾಳು ನೋಡಲು ಇಳಿದುಬರುತ್ತಿತ್ತು. ಈಗ ಮಗನೋ ಮಗಳೋ ಬಿರುಸಿನ ಜರ್ಮನ್ ಕಾರೊಂದನ್ನು ತಂದು ಸೊಸೈಟಿಯ ಅಂಗಳದಲ್ಲಿ ನಿಲ್ಲಿಸುವುದು ಅಂಥ ದೊಡ್ಡ ಸುದ್ದಿಯಲ್ಲ. ಆದರೆ ಹೊಸ ಕಾರಿನ ಸಂಭ್ರಮದ ಜೊತೆಗೇ ಒಂದು ದೂರೂ ಬರುತ್ತದೆ: ಭಾನುವಾರ ಬೆಳ್ಳಿಯಂತೆ ತೊಳೆದಿಟ್ಟ ಅಲಾಯ್ ಗಾಲಿ ಗುರುವಾರದ ಹೊತ್ತಿಗೆ ಮಸಿ ಹಿಡಿದ ಪಾತ್ರೆಯಂತಾಗಿರುತ್ತದೆ. ಅದರಲ್ಲೂ ಮುಂದಿನ ಎರಡು ಗಾಲಿಗಳು ಹೆಚ್ಚು ಕಪ್ಪು. ರಸ್ತೆಯ ಧೂಳಾಗಿದ್ದರೆ ನಾಲ್ಕಕ್ಕೂ ಒಂದೇ ಸಮನಾಗಿ ಹತ್ತಬೇಕಿತ್ತಲ್ಲ? ಇದು ರಸ್ತೆಯ ಧೂಳಲ್ಲ, ಬ್ರೇಕಿನ ಹುಡಿ. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಸವೆತವೂ ಅಲ್ಲೇ ಹೆಚ್ಚು. ಸವೆಯುವುದು ಪ್ಯಾಡು ಮಾತ್ರ ಎಂದು ತಿಳಿಯಬಾರದು, ಅದು ಕಚ್ಚಿ ಹಿಡಿಯುವ ಬೀಡುಕಬ್ಬಿಣದ ಡಿಸ್ಕೂ ಸವೆಯುತ್ತದೆ. ಗಾಲಿ ತೊಳೆಯಲೆಂದು ಅಂಗಡಿಯಲ್ಲಿ ಮಾರುವ ಕೆಲವು ದ್ರಾವಣಗಳನ್ನು ಸಿಂಪಡಿಸಿದರೆ ಹುಡಿ ಇದ್ದಲ್ಲೆಲ್ಲ ನೇರಳೆ ಬಣ್ಣ ಸೋರುವುದನ್ನು ವಾಚಕರು ನೋಡಿರಬಹುದು. ದ್ರಾವಣವು ಕಬ್ಬಿಣದೊಡನೆ ಕೂಡಿದ್ದರ ಗುರುತು ಅದು. ಆ ಕಬ್ಬಿಣದ ಕಣಗಳು ಬಿಸಿಯಾಗಿ ಬಂದು ಗಾಲಿಯ ಬಣ್ಣದ ಮೇಲೆ ಕೂತು, ತೇವಕ್ಕೆ ತುಕ್ಕು ಹಿಡಿದು, ಅಲ್ಲೇ ಬೇರು ಬಿಡುತ್ತವೆ. ಮಳೆಗಾಲದ ಮುಂಬಯಿಯಲ್ಲಿ ಎರಡು ವಾರ ಬಿಟ್ಟರೆ ಸೋಪಿಗೂ ಬಗ್ಗುವುದಿಲ್ಲ.

ಬ್ರೇಕು ಮಾಡುವ ಕೆಲಸವೆಂದರೆ ಓಟವನ್ನು ಶಾಖವನ್ನಾಗಿ ಮಾಡುವುದು, ಅಷ್ಟೇ. ಒಂದೂವರೆ ಟನ್ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಶಾಖದಲ್ಲಿ ಸುಮಾರು ಒಂದೂಮುಕ್ಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಮನೆಮಂದಿಗೆಲ್ಲ ಕಾಫಿಯಾಯಿತು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. 200 ಕಿಲೋಮೀಟರ್ ವೇಗದಿಂದ ನಿಲ್ಲಿಸುವ ಕಾರಿನ ಬ್ರೇಕು ಕೆಲವೇ ಸೆಕೆಂಡುಗಳಲ್ಲಿ ಏಳು ಲೀಟರ್ ನೀರು ಕುದಿಸುವಷ್ಟು ಶಾಖವನ್ನು ನುಂಗಬೇಕು, ನುಂಗಿ ಗಾಳಿಗೆ ಬಿಡಬೇಕು, ಮುಂದಿನ ತಿರುವಿಗೆ ಮತ್ತೆ ಸಿದ್ಧವಾಗಬೇಕು. ಬ್ರೇಕಿನ ಇಡೀ ಚರಿತ್ರೆ ಈ ಶಾಖದ ಜೊತೆ ಹೋರಾಡಿದ ಚರಿತ್ರೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ಸಮಸ್ಯೆ ಘಟ್ಟದಲ್ಲಿ ಮಾತ್ರ ಎದುರಾಗುತ್ತಿತ್ತು. ಬಯಲಿನಲ್ಲಿ ಎತ್ತಿನ ಕತ್ತೇ ಬ್ರೇಕು. ಇಳಿಜಾರಿನಲ್ಲಿ ಗಾಲಿಯ ಪಟ್ಟಿಗೆ ಮರದ ತುಂಡೊಂದನ್ನು ಹಗ್ಗದಿಂದಲೋ ಸನ್ನೆಯಿಂದಲೋ ಒತ್ತಿಹಿಡಿಯುತ್ತಿದ್ದರು. ಯುರೋಪಿನ ಕುದುರೆಗಾಡಿಗಳಲ್ಲೂ ಇದೇ ಮರದ ತುಂಡು. ಮೊದಲ ಮೋಟಾರು ಗಾಡಿಗಳಿಗೂ ಇದೇ ಬಂತು. 1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜ್‌ರ ಪತ್ನಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಅವರ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಇಬ್ಬರು ಹುಡುಗರನ್ನು ಕೂಡಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಪ್ಫೋರ್ಟ್ಸ್‌ಹೈಮ್‌ಗೆ ಹೊರಟದ್ದು ಪ್ರಸಿದ್ಧ ಕತೆ. ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡದ್ದು, ಕಟ್ಟಿಕೊಂಡ ಕೊಳವೆಯನ್ನು ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದ್ದು – ಇವನ್ನೆಲ್ಲ ಬಹಳ ಮಂದಿ ಬಲ್ಲರು. ಅದೇ ಪ್ರಯಾಣದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಗುಡ್ಡದ ಇಳಿಜಾರಿನಲ್ಲಿ ಬ್ರೇಕಿನ ಮರ ಸವೆದು ಹೋಗತೊಡಗಿದಾಗ ಆಕೆ ದಾರಿಯ ಹಳ್ಳಿಯೊಂದರಲ್ಲಿ ಚಮ್ಮಾರನನ್ನು ಕರೆಸಿ ಆ ತುಂಡುಗಳ ಮೇಲೆ ಚರ್ಮ ಹೊಡೆಸಿದರು. ಇಂದು ನಾವು ಬ್ರೇಕ್ ಲೈನಿಂಗ್ ಎನ್ನುವ ವಸ್ತು ಹುಟ್ಟಿದ್ದು ಹಾಗೆ. ಕಾರನ್ನು ಓಡಿಸುವ ಉಪಾಯ ಗಂಡನದು, ನಿಲ್ಲಿಸುವ ಉಪಾಯ ಹೆಂಡತಿಯದು ಎಂದರೆ ನಮ್ಮ ಮಹಿಳಾ ವಿಭಾಗದವರು ಸಂತೋಷಪಡಬಹುದು!

ಚರ್ಮದ ಉಪಾಯವನ್ನು ಉದ್ಯಮವಾಗಿ ಬೆಳೆಸಿದವನು ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್. ಡರ್ಬಿಷೈರಿನ ಗುಡ್ಡಗಾಡಿನಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಮರಕ್ಕೂ ಗಾಲಿಗೂ ನಡುವೆ ಹಳೆಯ ಬೂಟನ್ನು ತುರುಕುತ್ತಿದ್ದುದನ್ನು ಆತ ನೋಡಿದನಂತೆ. ಬೂಟು ಹಿಡಿಯುತ್ತದೆಯಾದರೆ ಬೂಟಿಗಿಂತ ಚೆನ್ನಾಗಿ ಹಿಡಿಯುವುದನ್ನು ತಾನೇಕೆ ಮಾಡಬಾರದು? 1897ರಲ್ಲಿ ಆತ ಕೆಲಸ ಶುರುಮಾಡಿದ. ಹತ್ತಿಯ ದಪ್ಪ ನೇಯ್ಗೆಯನ್ನು ಟಾರಿನಂಥ ದ್ರಾವಣದಲ್ಲಿ ನೆನೆಸಿ ಮಾಡಿದ ಪಟ್ಟಿ ಅವನ ಮೊದಮೊದಲ ಸರಕು. ಕಂಪೆನಿಗೆ ಇಟ್ಟ ಹೆಸರು ಫೆರೋಡೊ. ಫ್ರೂಡ್ ಎಂಬ ತನ್ನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ, ಹೆಂಡತಿ ಎಲಿಜಬೆತ್‌ಳ ಹೆಸರಿನ ಮೊದಲ ಅಕ್ಷರವನ್ನು ನಡುವೆ ಸೇರಿಸಿ ಕಟ್ಟಿದ್ದು. ನಮ್ಮಲ್ಲಿ ಲಾರಿಯವರು, ಬಸ್ಸಿನವರು ಕಂಪೆನಿಯ ಹೆಸರೋ ವಸ್ತುವಿನ ಹೆಸರೋ ಎಂಬ ಭೇದವಿಲ್ಲದೆ ಬಳಸುತ್ತಿದ್ದ ಮಾತು ಇದು.

ಹತ್ತಿಗೆ ಒಂದು ದೋಷ, ಅದು ಸುಡುತ್ತದೆ. ಕುದುರೆಗಾಡಿಗೆ ಸಾಕಾಗುತ್ತಿದ್ದ ಪಟ್ಟಿ ಮೋಟಾರು ಬಸ್ಸಿನ ಶಾಖಕ್ಕೆ ತಾಳಲಿಲ್ಲ. 1908ರ ಹೊತ್ತಿಗೆ ಫ್ರೂಡ್ ಕಲ್ನಾರಿಗೆ ಬಂದ. ಇಂಗ್ಲಿಷಿನವರು ಆಸ್ಬೆಸ್ಟಾಸ್ ಎನ್ನುವುದಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರು ಇಟ್ಟವರು ಯಾರೋ, ಅವರಿಗೆ ಕೈಮುಗಿಯಬೇಕು. ಕಲ್ಲೂ ಹೌದು, ನಾರೂ ಹೌದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲೂ ಇದು ಸಿಗುತ್ತದೆ. ಹತ್ತಿಯಂತೆ ಹಿಂಜಬಹುದು, ನೂಲಬಹುದು, ನೇಯಬಹುದು. ಬೆಂಕಿಗೆ ಉರಿಯದು. ನೇಯ್ಗೆಯ ನಡುವೆ ಹಿತ್ತಾಳೆಯ ತಂತಿ ಸೇರಿಸಿದರೆ ಇನ್ನೂ ಗಟ್ಟಿ. ಮೇಲಾಗಿ ಅಗ್ಗ. ಇದೇ ಸುಮಾರಿಗೆ ಬೇಕಲೆಂಡ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ಬೇಕಲೈಟ್ ಜಾತಿಯ ರಾಳವು ಮುಂದೆ ಆ ನಾರನ್ನು ಗಟ್ಟಿಯಾಗಿ ಹಿಡಿದು ಅಚ್ಚು ಹೊಯ್ಯಲು ಒದಗಿತು. ನಾರು, ರಾಳ, ಮತ್ತಿಷ್ಟು ಲೋಹದ ಚೂರು – ಬ್ರೇಕಿನ ಪಾಕ ಇಲ್ಲಿಗೆ ಸಿದ್ಧವಾಯಿತು. ಮುಂದಿನ ಎಪ್ಪತ್ತು ವರ್ಷ ಜಗತ್ತಿನ ಹೆಚ್ಚುಪಾಲು ವಾಹನಗಳು ಈ ಪಾಕವನ್ನೇ ನೆಚ್ಚಿಕೊಂಡವು.

ಪಟ್ಟಿಯ ಕತೆ ಹೀಗಾದರೆ ಯಂತ್ರದ ಕತೆ ಬೇರೆ. ಡಿಸ್ಕ್ ಬ್ರೇಕು ಹೊಸಕಾಲದ್ದು, ಡ್ರಮ್ ಬ್ರೇಕು ಹಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಎರಡೂ ಓರಗೆಯವು. ಲೂಯಿ ರೆನೋ ಡ್ರಮ್ ಬ್ರೇಕನ್ನು ಬಳಕೆಗೆ ತಂದದ್ದು 1902ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿಯುವ ಬ್ರೇಕಿಗೆ ಪೇಟೆಂಟ್ ಪಡೆದ. ಆದರೆ ಆತ ಹಿಡಿತಕ್ಕೆ ತಾಮ್ರವನ್ನು ಬಳಸಿದ್ದ. ಲೋಹಕ್ಕೆ ಲೋಹ ಉಜ್ಜಿ ಬೀದಿಗೆ ಬೀದಿಯೇ ಕಿವಿ ಮುಚ್ಚಿಕೊಳ್ಳುವಂಥ ಕಿರುಚಾಟ. ಜೊತೆಗೆ ಆ ಕಾಲದ ಮಣ್ಣುರಸ್ತೆಯ ಧೂಳು ಕೆಸರುಗಳಿಗೆ ತೆರೆದ ತಟ್ಟೆ ಬೇಗ ಸವೆಯುತ್ತಿತ್ತು. ಡ್ರಮ್ಮಾದರೋ ಡಬ್ಬಿಯೊಳಗಿನ ಯಂತ್ರ. ಹೊರಗಿನ ಕೊಳೆ ಒಳಗೆ ಬಾರದು, ಒಳಗಿನ ಹುಡಿ ಹೊರಗೆ ಕಾಣದು. ಐವತ್ತು ವರ್ಷ ಅದೇ ಆಳಿತು.

ಡಬ್ಬಿಯ ಗುಣವೇ ಅದರ ದೋಷವೂ ಆಯಿತು. ಒಳಗಿನ ಶಾಖವೂ ಹೊರಗೆ ಹೋಗದು. ಡ್ರಮ್ಮು ಕಾದು ಹಿಗ್ಗಿದರೆ ಒಳಗಿನ ಷೂಗಳಿಂದ ದೂರ ಸರಿಯುತ್ತದೆ, ಪೆಡಲು ತಳ ಮುಟ್ಟಿದರೂ ಹಿಡಿತ ಸಾಲದು. ಖಂಡಾಳ ಘಾಟಿನಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ಹಳೆಯ ಚಾಲಕರು ಗೇರು ಇಳಿಸಿ ಎಂಜಿನಿನ ಬಲದಲ್ಲೇ ಗಾಡಿಯನ್ನು ಹಿಡಿದಿಟ್ಟು, ಬ್ರೇಕನ್ನು ಆಗಾಗ ಮುಟ್ಟಿಬಿಡುತ್ತಿದ್ದುದು ಇದಕ್ಕಾಗಿಯೇ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಒಂದು ಬೀಡಿ ಸೇದುವಷ್ಟು ಹೊತ್ತು ತಣಿಯಲು ಬಿಡುತ್ತಿದ್ದರು. ಘಟ್ಟದಲ್ಲಿ ಹಾಗೆ ನಿಲ್ಲಬಹುದು, ಪಂದ್ಯದಲ್ಲಿ ನಿಲ್ಲಲಾದೀತೆ?

ಪಂದ್ಯದಲ್ಲೇ ಡ್ರಮ್ಮಿನ ದರ್ಬಾರು ಮುಗಿದದ್ದು. ವಿಮಾನದ ಗಾಲಿಗಳಿಗಾಗಿ ಬೆಳೆಸಿದ್ದ ಡಿಸ್ಕ್ ಬ್ರೇಕಿನ ಅನುಭವವಿದ್ದ ಡನ್‌ಲಪ್ ಕಂಪೆನಿ ಜಾಗ್ವಾರ್ ಜೊತೆ ಸೇರಿ ಸಿ-ಟೈಪ್ ಎಂಬ ಕಾರಿಗೆ ಅದನ್ನು ಅಳವಡಿಸಿತು. 1952ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಆ ಕಾರಿನಲ್ಲಿ ಗೆದ್ದ. ಮರುವರ್ಷ, 1953ರ ಜೂನಿನಲ್ಲಿ, ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಯ ಪಂದ್ಯ. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಸಿ-ಟೈಪ್ ಗಂಟೆಗೆ 105 ಮೈಲಿಗೂ ಮೀರಿದ ಸರಾಸರಿಯಲ್ಲಿ, ಎಂದರೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ, ಹಗಲೂ ರಾತ್ರಿ ಓಡಿ ಗೆದ್ದಿತು. ಆ ಪಂದ್ಯದಲ್ಲಿ ನೂರು ಮೈಲಿಯ ಸರಾಸರಿ ದಾಟಿದ್ದು ಅದೇ ಮೊದಲು. ಎದುರಾಳಿಗಳಲ್ಲಿ ಬಲವಾದ ಎಂಜಿನುಗಳಿದ್ದವು. ಆದರೆ ಉದ್ದನೆಯ ನೇರ ದಾರಿಯ ಕೊನೆಯ ತಿರುವಿಗೆ ಅವರು ಮೊದಲೇ ಬ್ರೇಕು ಹಾಕಬೇಕಾಗುತ್ತಿತ್ತು. ಜಾಗ್ವಾರಿನವರು ಇನ್ನಷ್ಟು ದೂರ ವೇಗವಾಗಿ ಹೋಗಿ ಆಮೇಲೆ ಹಾಕುತ್ತಿದ್ದರು, ಹತ್ತು ಗಂಟೆಯ ಓಟದ ನಂತರವೂ ಹಾಗೆಯೇ ಹಾಕುತ್ತಿದ್ದರು. ಗೆದ್ದದ್ದು ನಿಲ್ಲುವ ಶಕ್ತಿಯಿಂದ.

ಎರಡೇ ವರ್ಷದಲ್ಲಿ ಅದೇ ಲ ಮಾನ್‌ನಲ್ಲಿ ಇದರ ಇನ್ನೊಂದು ಮುಖವೂ ಕಂಡಿತು. 1955ರ ಜೂನ್ 11ರಂದು ಜಾಗ್ವಾರ್ ಡಿ-ಟೈಪಿನ ಮೈಕ್ ಹಾಥಾರ್ನ್ ಪಿಟ್‌ಗೆ ಬರಲು ಬ್ರೇಕು ಹಾಕಿದ. ಹಿಂದಿದ್ದ ಆಸ್ಟಿನ್-ಹೀಲಿ ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಬಿರುಗಾಳಿಯಂತೆ ಬರುತ್ತಿದ್ದ, ಡ್ರಮ್ ಬ್ರೇಕಿನ ಮರ್ಸಿಡಿಸ್ ಅದಕ್ಕೆ ಬಡಿದು ಹಾರಿ ಪ್ರೇಕ್ಷಕರ ಮೇಲೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ದುರಂತಕ್ಕೆ ಕಾರಣಗಳು ಹಲವು. ದಾರಿ ಕಿರಿದಾಗಿತ್ತು, ಪಿಟ್‌ಗೂ ದಾರಿಗೂ ನಡುವೆ ತಡೆಯಿರಲಿಲ್ಲ. ಆದರೆ ಒಂದೇ ದಾರಿಯಲ್ಲಿ ಒಂದು ಕಾರು ಇನ್ನೊಂದಕ್ಕಿಂತ ಬಹಳ ಬೇಗ ನಿಲ್ಲಬಲ್ಲುದಾದರೆ ಹಿಂದೆ ಬರುವವನ ಗತಿಯೇನು ಎಂಬ ಪ್ರಶ್ನೆ ಅಂದಿನಿಂದ ಉಳಿಯಿತು. ಮುಂದೆ ಹೋಗುವ ದೊಡ್ಡ ಕಾರು ತಟ್ಟನೆ ನಿಂತಾಗ ಹಿಂದಿನ ಆಟೋರಿಕ್ಷಾದವನು ಏನು ಮಾಡಬೇಕು ಎಂಬುದು ನಮ್ಮ ಊರುಗಳಲ್ಲಿ ದಿನಾ ಏಳುವ ಪ್ರಶ್ನೆಯೇ.

ಅದೇ 1955ರಲ್ಲಿ ಫ್ರಾನ್ಸಿನ ಸಿತ್ರೊಯೆನ್ ತನ್ನ ಡಿಎಸ್ ಕಾರಿನ ಮುಂದಿನ ಗಾಲಿಗಳಿಗೆ ಡಿಸ್ಕ್ ಇಟ್ಟು ಸಾಮಾನ್ಯ ಗಿರಾಕಿಗೂ ಮಾರತೊಡಗಿತು. ಉಳಿದವರು ಹಿಂಬಾಲಿಸಿದರು. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ತೆರೆದಿರುವುದರಿಂದಲೇ ಹುಡಿಯೂ ಹೊರಗೆ ಚೆಲ್ಲುತ್ತದೆ. ಗಾಲಿಯ ಮೇಲಿನ ಕರಿಹುಡಿ ಎಂಬ ತಕರಾರು ಹುಟ್ಟಿದ್ದು ಇಲ್ಲಿಂದ. ಅದಕ್ಕೆ ಮೊದಲು ಹುಡಿ ಇರಲಿಲ್ಲವೆಂದಲ್ಲ. ಅದು ಡಬ್ಬಿಯೊಳಗೆ ಕೂತು ಗ್ಯಾರೇಜಿನ ಹುಡುಗನಿಗಾಗಿ ಕಾಯುತ್ತಿತ್ತು.

ಈ ಚರಿತ್ರೆಯ ಕತ್ತಲ ಅಧ್ಯಾಯ ಇದೇ. ಕಲ್ನಾರಿನ ಗಿರಣಿಯಲ್ಲಿ ದುಡಿದವರು ಉಬ್ಬಸದಿಂದ ಸಾಯುತ್ತಾರೆಂಬುದು ಹೊಸ ಸುದ್ದಿಯಲ್ಲ. ಇಂಗ್ಲೆಂಡಿನ ರಾಚ್‌ಡೇಲಿನ ಗಿರಣಿಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕೆರ್ಷಾ ಎಂಬ ಹೆಂಗಸು 1924ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಅದರಲ್ಲಿ ಕಲ್ನಾರಿನ ಕಣಗಳನ್ನು ಕಂಡು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. 1930ರಲ್ಲಿ ಸರಕಾರಿ ವರದಿ, 1931ರಲ್ಲಿ ಗಿರಣಿಗಳಿಗೆ ನಿಯಮ. 1960ರಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಅಧ್ಯಯನ ಇನ್ನೂ ಭಯಂಕರವಾದದ್ದನ್ನು ತೋರಿಸಿತು. ಶ್ವಾಸಕೋಶದ ಹೊದಿಕೆಗೆ ತಗಲುವ ಮೆಸೊಥೀಲಿಯೋಮಾ ಎಂಬ ಕ್ಯಾನ್ಸರಿಗೂ ಈ ನಾರಿಗೂ ನೇರ ಸಂಬಂಧವಿದೆ, ಗಣಿಯಲ್ಲಿ ದುಡಿದವರಿಗೆ ಮಾತ್ರವಲ್ಲ, ಗಣಿಯ ಸುತ್ತ ಬದುಕಿದವರಿಗೂ ಅದು ಬರುತ್ತದೆ. ನಾರು ಒಳಗೆ ಹೋದ ಮೇಲೆ ರೋಗ ತಲೆಯೆತ್ತಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯುತ್ತದೆ. ಕೆಲಸ ಬಿಟ್ಟು ಊರಿಗೆ ಹೋಗಿ ಮಗಳ ಮದುವೆ ಮಾಡಿ ನೆಮ್ಮದಿಯಾಗಿ ಕೂತವನನ್ನು ಹುಡುಕಿಕೊಂಡು ಬರುವ ರೋಗ ಇದು. ಯಾವ ಮಾಲೀಕನ ಮೇಲೆ ದೂರು ಕೊಡುವುದು?

ಇನ್ನು ಗ್ಯಾರೇಜಿನ ಮಾತು. ಕುರ್ಲಾದ ಕಾರ್ಖಾನೆಯಿಂದ ಬರುತ್ತಿದ್ದ ಪ್ರೀಮಿಯರ್ ಪದ್ಮಿನಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು 2023ರ ಅಕ್ಟೋಬರಿನವರೆಗೂ ಓಡಿತು. ಅಂಥ ಡ್ರಮ್ಮುಗಳನ್ನು ಬಿಚ್ಚಿದಾಗ ಒಳಗಿನ ಬೂದುಬಣ್ಣದ ಹುಡಿಯನ್ನು ಗಾಳಿಯ ಪೈಪಿನಿಂದ ಊದಿ ತೆಗೆಯುವುದು ಎಲ್ಲ ಗ್ಯಾರೇಜುಗಳ ವಾಡಿಕೆಯಾಗಿತ್ತು. ಪೈಪಿಲ್ಲದ ಕಡೆ ಬಾಯಿಂದಲೇ ಊದುತ್ತಿದ್ದರು. ಘರ್ಷಣೆಯ ಶಾಖಕ್ಕೆ ಕಲ್ನಾರಿನ ಬಹುಭಾಗ ರೂಪ ಕಳೆದುಕೊಳ್ಳುತ್ತದೆಂಬುದು ನಿಜ, ಎಲ್ಲವೂ ಅಲ್ಲ. ಹೊಸ ಲೈನಿಂಗನ್ನು ಡ್ರಮ್ಮಿಗೆ ಹೊಂದುವಂತೆ ಅರದಿಂದ ಉಜ್ಜುವಾಗ ಹಾರುವ ಹುಡಿಯಂತೂ ಸುಡದ ಕಲ್ನಾರೇ. ಊರಿನಿಂದ ಹದಿನಾಲ್ಕರ ಪ್ರಾಯದಲ್ಲಿ ಬಂದು ಗ್ಯಾರೇಜು ಸೇರಿದ ನಮ್ಮ ಹುಡುಗರು ಎಷ್ಟೋ ಮಂದಿ. ಕೈಗೆ ಮೆತ್ತಿದ ಗ್ರೀಸನ್ನು ಅವರು ಮಣ್ಣೆಣ್ಣೆಯಲ್ಲಿ ತೊಳೆದುಕೊಳ್ಳುತ್ತಿದ್ದರು, ಒಳಗೆ ಹೋದದ್ದಕ್ಕೆ ತೊಳೆಯುವ ಉಪಾಯವಿರಲಿಲ್ಲ.

ಕಾನೂನಿನ ಓಟ ಡ್ರಮ್ ಬ್ರೇಕಿನ ಓಟದಂತೆಯೇ. ಅಮೆರಿಕದ ಪರಿಸರ ಇಲಾಖೆ 1989ರಲ್ಲಿ ಕಲ್ನಾರಿನ ಹೆಚ್ಚಿನ ಬಳಕೆಗಳನ್ನು ನಿಷೇಧಿಸಿತು, 1991ರಲ್ಲಿ ನ್ಯಾಯಾಲಯ ಆ ನಿಷೇಧದ ಬಹುಭಾಗವನ್ನು ತಳ್ಳಿಹಾಕಿತು, ಮತ್ತೆ ನಿಷೇಧ ಬಂದದ್ದು 2024ರಲ್ಲಿ. ಬ್ರಿಟನ್ನು 1999ರಲ್ಲಿ ಬಿಳಿ ಕಲ್ನಾರಿಗೂ ಬಾಗಿಲು ಮುಚ್ಚಿತು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಕಲ್ನಾರಿನ ಕೆಲಸಗಾರರ ವಿಷಯದಲ್ಲಿ ಮಹತ್ವದ ತೀರ್ಪನ್ನಿತ್ತಿತು. ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಕಾಪಾಡಬೇಕೆಂದಿತು. ರೋಗದ ನಿಧಾನಗತಿಯನ್ನು ನ್ಯಾಯಾಧೀಶರು ಅರಿತಿದ್ದರೆಂಬುದಕ್ಕೆ ಆ ನಲವತ್ತೇ ಸಾಕ್ಷಿ. ಆದರೆ ಬೀದಿಬದಿಯ ಗ್ಯಾರೇಜಿನಲ್ಲಿ ದಾಖಲೆ ಇಡುವವರು ಯಾರು? ಬಿಳಿ ಕಲ್ನಾರಿನ ಆಮದು ಇಂದಿಗೂ ಇಲ್ಲಿ ನಿಂತಿಲ್ಲ, ಬಹುಪಾಲು ಮಾಡಿನ ಶೀಟುಗಳಿಗೆ ಹೋಗುತ್ತದೆ. ಚೆನ್ನೈ ಸುತ್ತಿನ ಹೆಸರಾಂತ ಬ್ರೇಕ್ ಕಾರ್ಖಾನೆಗಳು ಕಲ್ನಾರಿಲ್ಲದ ಸರಕಿಗೆ ಬಂದು ಬಹಳ ಕಾಲವಾಯಿತು. ಹಾಗಿದ್ದರೂ ಹೆಸರಿಲ್ಲದ ಪೊಟ್ಟಣದಲ್ಲಿ ಏನಿದೆಯೆಂದು ಹೊರಗಿನಿಂದ ಹೇಳುವಂತಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಾಗಲಿ, ದಿಲ್ಲಿಯ ಕಾಶ್ಮೀರಿ ಗೇಟಿನಲ್ಲಾಗಲಿ, ಚೆನ್ನೈಯ ಪುದುಪೇಟೆಯಲ್ಲಾಗಲಿ ಅರ್ಧ ಬೆಲೆಗೆ ಸಿಗುವ ಪ್ಯಾಡನ್ನು ಕೊಳ್ಳುವಾಗ ಇದು ನೆನಪಿರಲಿ. ಯಾವ ಬ್ರೇಕೇ ಇರಲಿ, ಹುಡಿಯನ್ನು ಊದಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ. ಮೆಕ್ಯಾನಿಕ್ ನಗಬಹುದು, ನಗಲಿ.

ಕಲ್ನಾರು ಹೋದ ಜಾಗಕ್ಕೆ ಬಂದದ್ದು ಒಂದೇ ವಸ್ತುವಲ್ಲ. ಇಲ್ಲಿಂದ ಪ್ಯಾಡುಗಳ ಕುಲ ಕವಲೊಡೆಯಿತು, ಇಂದು ಅಂಗಡಿಯಲ್ಲಿ ನಿಂತು ಯಾವುದನ್ನು ಆರಿಸಲಿ ಎಂದು ತಲೆ ಕೆರೆದುಕೊಳ್ಳುವುದೂ ಇದರಿಂದಲೇ. ಅಮೆರಿಕದವರು ಎಪ್ಪತ್ತರ ದಶಕದಿಂದ ಉಕ್ಕಿನ ಎಳೆಗಳನ್ನು ಹೇರಳವಾಗಿ ತುಂಬಿದ ಅರೆಲೋಹದ ಪ್ಯಾಡುಗಳತ್ತ ಹೋದರು. ಶಾಖಕ್ಕೆ ಚೆನ್ನಾಗಿ ತಾಳುತ್ತವೆ, ಚಳಿಯ ಬೆಳಿಗ್ಗೆ ಮಂಕು, ಸದ್ದೂ ಜಾಸ್ತಿ. ಇನ್ನೊಂದು ಕವಲು ಲೋಹವನ್ನು ಕಡಿಮೆ ಮಾಡಿ ಕೆವ್ಲಾರ್‌ನಂಥ ಕೃತಕ ನಾರುಗಳನ್ನು ಹಿಡಿಯಿತು. 1965ರಲ್ಲಿ ಡುಪಾಂಟ್ ಕಂಪೆನಿಯ ಸ್ಟೆಫನಿ ಕ್ವೊಲೆಕ್ ಎಂಬ ಮಹಿಳೆ ಮಾಡಿದ ಶೋಧ ಅದಕ್ಕೆ ಮೂಲ. ಗುಂಡು ತಡೆಯುವ ಅಂಗಿಗೆ ಹೋದ ನಾರು ಬ್ರೇಕಿಗೂ ಬಂತು. ಎಂಬತ್ತರ ದಶಕದಿಂದ ಜಪಾನಿನವರು, ಅದರಲ್ಲೂ ಅಕೆಬೊನೊ ಕಂಪೆನಿ, ಇದೇ ಕವಲಿನಲ್ಲಿ ಸೆರಾಮಿಕ್ ಜಾತಿಯ ನಾರು ಮತ್ತು ಪುಡಿಗಳನ್ನು ಸೇರಿಸಿ ಪಾಕವನ್ನು ಹದಗೊಳಿಸಿದರು. ಸೆರಾಮಿಕ್ ಪ್ಯಾಡು ಎಂದರೆ ಪಿಂಗಾಣಿಯ ಬಿಲ್ಲೆಯಲ್ಲ, ರಾಳದಲ್ಲಿ ಕಟ್ಟಿದ ಮಿಶ್ರಣವೇ. ಲಕ್ಷಾಂತರ ರೂಪಾಯಿಯ ಕಾರ್ಬನ್-ಸೆರಾಮಿಕ್ ಡಿಸ್ಕಿಗೂ ಇದಕ್ಕೂ ಹೆಸರಿನ ನೆಂಟಸ್ತಿಕೆ ಮಾತ್ರ.

ಜರ್ಮನರು ಬೇರೆ ದಾರಿ ಹಿಡಿದರು. ಅವರ ಆಟೋಬಾನ್‌ನಲ್ಲಿ ಉದ್ದುದ್ದ ತುಂಡುಗಳಿಗೆ ವೇಗದ ಮಿತಿಯಿಲ್ಲ. 200ರ ವೇಗದಿಂದ ಮಳೆಯಲ್ಲೂ ಚಳಿಯಲ್ಲೂ ಮೊದಲ ಒತ್ತಿಗೇ ಹಿಡಿಯಬೇಕು. ಅದಕ್ಕಾಗಿ ಉಕ್ಕಿನ ಎಳೆ ಸ್ವಲ್ಪ, ಉಜ್ಜುವ ಗಡಸು ಪುಡಿ ಧಾರಾಳ. ಇಂಥ ಪ್ಯಾಡು ಡಿಸ್ಕನ್ನು ಅರದಂತೆ ಕೆರೆದು ಹಿಡಿಯುತ್ತದೆ. ಸೆರಾಮಿಕ್ ಜಾತಿಯದು ಡಿಸ್ಕಿನ ಮೇಲೆ ತನ್ನದೇ ತೆಳು ಪದರವೊಂದನ್ನು ಬಳಿದು, ಆ ಪದರಕ್ಕೆ ತಾನು ಅಂಟಿ ಬಿಡಿಸಿಕೊಳ್ಳುತ್ತ ಹಿಡಿಯುತ್ತದೆ. ಕೆರೆಯುವ ಪ್ಯಾಡಿನಲ್ಲಿ ಡಿಸ್ಕಿನ ಕಬ್ಬಿಣವೂ ಹುಡಿಯಾಗಿ ಹೊರಬೀಳುತ್ತದೆ, ಕಪ್ಪು ಹೆಚ್ಚು. ಬಳಿಯುವ ಪ್ಯಾಡಿನ ಹುಡಿ ಕಡಿಮೆ, ಬಣ್ಣವೂ ತಿಳಿ, ಗಾಲಿಗೆ ಅಷ್ಟಾಗಿ ಅಂಟದು. ಬಿರುಸಿನ ಜರ್ಮನ್ ಕಾರಿನ ಗಾಲಿ ಏಕೆ ಕಪ್ಪಾಗುತ್ತದೆ ಎಂಬುದಕ್ಕೆ ಉತ್ತರ ಇಷ್ಟೇ: ಅದರ ಪ್ಯಾಡು ನಮ್ಮ ವಾಶಿ ಸೇತುವೆಯ ಮೇಲಿನ ಸಾಲಿಗಾಗಿ ಬೆಂದ ಪಾಕವಲ್ಲ.

ಎಂಬತ್ತು-ತೊಂಬತ್ತರ ದಶಕಗಳಲ್ಲಿ ಈ ತಕರಾರಿಗೆ ವಿದೇಶದಲ್ಲಿ ಒಂದು ವಿಚಿತ್ರ ಪರಿಹಾರ ಮಾರಾಟಕ್ಕಿತ್ತು. ಡಿಸ್ಕಿಗೂ ಗಾಲಿಗೂ ನಡುವೆ ತಗಡಿನ ತಟ್ಟೆಯೊಂದನ್ನು ಸಿಕ್ಕಿಸುವುದು. ಗಾಲಿ ಶುಭ್ರ. ಆದರೆ ತಣಿಸುವ ಗಾಳಿಯೂ ಬಂದ್. ಐವತ್ತು ವರ್ಷದ ಶ್ರಮದಿಂದ ಡಬ್ಬಿ ಬಿಚ್ಚಿದವರು ಮತ್ತೆ ಡಬ್ಬಿ ಮುಚ್ಚಿದ ಹಾಗೆ.

ಹಾಗಾದರೆ ಕಡಿಮೆ ಹುಡಿಯ ಪ್ಯಾಡು ಹಾಕಿಸಬಹುದೆ? ಊರೊಳಗೆ ಆಫೀಸಿಗೆ ಹೋಗಿಬಂದು ರಜೆಗೊಮ್ಮೆ ಊರಿಗೆ ಹೋಗುವ ಕಾರಿಗೆ ಧಾರಾಳವಾಗಿ ಹಾಕಿಸಬಹುದೆಂದೇ ನಮ್ಮ ಅಭಿಪ್ರಾಯ. ಸದ್ದೂ ಕಡಿಮೆ, ಡಿಸ್ಕಿನ ಆಯುಷ್ಯವೂ ಹೆಚ್ಚುತ್ತದೆ. ಕಳೆದುಕೊಳ್ಳುವುದು ಮೊದಲ ಒತ್ತಿನ ಕಚ್ಚುವ ಗುಣದಲ್ಲಿ ಸ್ವಲ್ಪ, ತೀರಾ ಕಾದಾಗಿನ ತಾಳಿಕೆಯಲ್ಲಿ ಸ್ವಲ್ಪ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಂದ್ಯದ ದಾರಿಯಲ್ಲೋ ಕೊಯಮುತ್ತೂರಿನಲ್ಲೋ ಹವ್ಯಾಸಕ್ಕೆ ಓಡಿಸುವ ಮಕ್ಕಳಿದ್ದರೆ ಈ ಪ್ಯಾಡು ಸಲ್ಲದು. ಪೂರ್ತಿ ಪಂದ್ಯದ ಪ್ಯಾಡು ಮತ್ತೆ ಊರೊಳಗೆ ಸಲ್ಲದು, ಕಾಯದೆ ಹಿಡಿಯದು. ಗಾಲಿ ಹೊಳೆಯಲೆಂದು ಹೆಸರು ಕೇಳದ ಪ್ಯಾಡು ಹಾಕಿಸಿ ನಿಲ್ಲುವ ದೂರ ಹೆಚ್ಚಿಸಿಕೊಳ್ಳುವುದಂತೂ ಬೇಡ.

ಕೊಳ್ಳುವಾಗ ನೋಡಬೇಕಾದ ಗುರುತುಗಳೂ ಚರಿತ್ರೆಯಿಂದಲೇ ಬಂದವು. ಅಮೆರಿಕದ ಪದ್ಧತಿಯಲ್ಲಿ ಪ್ಯಾಡಿನ ಅಂಚಿನಲ್ಲಿ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಹಿಡಿತ ಎಷ್ಟು ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ಎಂಬುದಕ್ಕೆ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಇ ಎಂದಿದ್ದರೆ ಕಾದಂತೆ ಹಿಡಿತ ಕುಗ್ಗುತ್ತದೆ ಎಂದರ್ಥ. ವೇಗದ ಕಾರಿಗೆ ಎಫ್‌ಎಫ್‌ಗಿಂತ ಕೆಳಗಿಳಿಯುವುದು ಜಾಣತನವಲ್ಲ. ಯುರೋಪಿನ ಪದ್ಧತಿ ಇನ್ನೂ ಬಿಗಿ. ಅಲ್ಲಿನ 90ನೆಯ ನಿಯಮದ ಪ್ರಕಾರ ಬದಲಿ ಪ್ಯಾಡು ಮೂಲ ಪ್ಯಾಡಿನ ಹಿಡಿತಕ್ಕೆ ಶೇಕಡ 15ರ ಅಂತರದೊಳಗಿರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಹೆಚ್ಚಾದರೇನು ಕೆಟ್ಟಿತು ಎಂದು ಕೇಳಬಹುದು. ಮುಂದಿನ ಬ್ರೇಕಿಗೂ ಹಿಂದಿನ ಬ್ರೇಕಿಗೂ ಕಾರು ಮಾಡಿದವರು ಲೆಕ್ಕ ಹಾಕಿ ಹಂಚಿದ ತೂಕ ತಪ್ಪುತ್ತದೆ. ಇದೇ ಕಾರಣಕ್ಕೆ ಒಂದು ಅಚ್ಚಿನ ಎರಡೂ ಗಾಲಿಗೆ ಒಟ್ಟಿಗೇ ಬದಲಾಯಿಸಬೇಕು. ಹೊಸ ಪ್ಯಾಡು ಹಾಕಿದ ದಿನ ಖಾಲಿ ರಸ್ತೆಯಲ್ಲಿ ಅರವತ್ತರಿಂದ ಹತ್ತಕ್ಕೆ ಎಂಟು-ಹತ್ತು ಸಲ ಹದವಾಗಿ ಇಳಿಸಿ, ನಡುವೆ ಪೂರ್ತಿ ನಿಲ್ಲಿಸದೆ, ತಣಿಯಲು ಬಿಟ್ಟರೆ ಆ ತೆಳು ಪದರ ಸಮನಾಗಿ ಕೂರುತ್ತದೆ. ದೋಸೆಯ ಕಾವಲಿ ಪಳಗಿಸಿದ ಹಾಗೆಯೇ. ಇದನ್ನು ಮಾಡದೆ ಪ್ಯಾಡು ಸರಿಯಿಲ್ಲವೆಂದು ಅಂಗಡಿಗೆ ಜಗಳಕ್ಕೆ ಹೋಗುವವರು ಬಹಳ.

ಮೀನಿನ ಮಾತು ಬಾಕಿಯಿದೆ. ಕಲ್ನಾರು ಹೋದ ಮೇಲೆ ಶಾಖ ಹರಡಲು ಪ್ಯಾಡಿಗೆ ತಾಮ್ರ ತುಂಬಿದರು. ಆ ತಾಮ್ರ ಹುಡಿಯಾಗಿ ರಸ್ತೆಗೆ ಬಿದ್ದು, ಮಳೆನೀರಿನಲ್ಲಿ ತೊರೆಗಳನ್ನು ಸೇರಿತು. ಅಮೆರಿಕದ ಪಶ್ಚಿಮ ತೀರದ ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ತಾನು ಹುಟ್ಟಿದ ತೊರೆಗೇ ವಾಸನೆ ಹಿಡಿದು ಮರಳುತ್ತದೆ. ನೀರಿನಲ್ಲಿ ಅತ್ಯಲ್ಪ ತಾಮ್ರವಿದ್ದರೂ ಅದರ ಮೂಗು ಮಂಕಾಗುತ್ತದೆ. ಹುಟ್ಟಿದೂರಿನ ದಾರಿ ತಪ್ಪುವ ಸಂಕಟ ಪರವೂರಿನಲ್ಲಿರುವ ನಮಗೆ ವಿವರಿಸಬೇಕಾಗಿಲ್ಲ. 2010ರಲ್ಲಿ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು ಕಾನೂನು ಮಾಡಿದವು. 2021ರಿಂದ ಪ್ಯಾಡಿನಲ್ಲಿ ತಾಮ್ರ ಶೇಕಡ 5ಕ್ಕಿಂತ ಕಡಿಮೆ, 2025ರಿಂದ ಕ್ಯಾಲಿಫೋರ್ನಿಯದಲ್ಲಿ ಅರ್ಧ ಶೇಕಡಕ್ಕಿಂತ ಕಡಿಮೆ. ಪೊಟ್ಟಣದ ಮೇಲೆ ಎಲೆಗಳ ಗುರುತು ಕಂಡರೆ ಅದು ಈ ಕಾನೂನಿನದು. ಮೂರೂ ಎಲೆ ತುಂಬಿದ್ದರೆ ತಾಮ್ರ ಇಲ್ಲವೆಂದೇ ಲೆಕ್ಕ.

ಗಾಲಿಯ ಮೇಲೆ ಕಾಣದ ಹುಡಿ ಎಲ್ಲಿ ಹೋಯಿತೆಂದು ಯುರೋಪಿನವರು ಈಗ ಕೇಳುತ್ತಿದ್ದಾರೆ. ತಿಳಿಬಣ್ಣದ ಹುಡಿ ಗಾಲಿಗೆ ಅಂಟಲಿಲ್ಲವೆಂದರೆ ಗಾಳಿಯಲ್ಲಿ ಇಲ್ಲವೆಂದಲ್ಲವಲ್ಲ. 2024ರಲ್ಲಿ ಒಪ್ಪಿದ ಯೂರೋ 7 ನಿಯಮ ಮೊದಲ ಬಾರಿಗೆ ಹೊಗೆಕೊಳವೆಯ ಜೊತೆಗೆ ಬ್ರೇಕಿಗೂ ಮಿತಿ ಹಾಕಿದೆ. ಉಸಿರಿಗೆ ಹೋಗುವಷ್ಟು ಸಣ್ಣ ಕಣಗಳು ಸಾಮಾನ್ಯ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬರಿಯ ವಿದ್ಯುತ್ ಕಾರಿಗೆ 3 ಮಿಲಿಗ್ರಾಂ. ಹೊಸ ಮಾದರಿಯ ಕಾರುಗಳಿಗೆ 2026ರ ನವೆಂಬರ್ 29 ಇದಕ್ಕೆ ಗೊತ್ತಾದ ದಿನ. ಬ್ರೇಕನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ತಿರುಗಿಸಿ, ಹೊರಬರುವ ಗಾಳಿಯನ್ನು ಸೋಸಿ ಹುಡಿಯನ್ನು ತೂಗುತ್ತಾರೆ. ಪೋರ್ಷೆ ಕಂಪೆನಿ 2017ರಲ್ಲೇ ಕಬ್ಬಿಣದ ಡಿಸ್ಕಿಗೆ ಟಂಗ್‌ಸ್ಟನ್ ಕಾರ್ಬೈಡಿನ ಲೇಪ ಕೊಟ್ಟು ಸವೆತವನ್ನು ಇಳಿಸಿತು, ಹುಡಿ ಬೀಳದೆಂಬ ಧೈರ್ಯಕ್ಕೆ ಬ್ರೇಕಿನ ಕ್ಯಾಲಿಪರಿಗೆ ಬಿಳಿ ಬಣ್ಣ ಬಳಿಯಿತು. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಓಟವನ್ನು ತಡೆದು ಬ್ಯಾಟರಿಗೆ ತುಂಬಿಸುವುದರಿಂದ ಬ್ರೇಕಿಗೆ ಕೆಲಸವೇ ಕಡಿಮೆ, ಡಿಸ್ಕು ಸುಮ್ಮನೆ ಕೂತು ತುಕ್ಕು ಹಿಡಿಯುತ್ತದೆ. 2020ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಐಡಿ.3 ಎಂಬ ವಿದ್ಯುತ್ ಕಾರಿನ ಹಿಂದಿನ ಗಾಲಿಗಳನ್ನು ಬಿಚ್ಚಿದರೆ ಒಳಗೆ ಸಿಗುವುದು 1902ರ ಲೂಯಿ ರೆನೋ ಕಾಲದ ಡಬ್ಬಿ, ಹುಡಿಯನ್ನೆಲ್ಲ ತನ್ನೊಳಗೇ ಇಟ್ಟುಕೊಂಡ ಡ್ರಮ್ ಬ್ರೇಕು.